ಬರಗಾಲದ ಸೀಮೆಯಿಂದ ಬಂದ ಹಲೀಮಾ ಬೀವಿ

ಮೌಲಿದ್ ಮಜ್ಲಿಸ್‌ನಲ್ಲಿ ಕೂತವರಿಗೆ ಹಲೀಮಾ ಬೀವಿ(ರ)ಯ ಹೆಸರು ಹೊಸತಲ್ಲ. ಪ್ರವಾದಿ ಮುಹಮ್ಮದ್(ಸ)ರಿಗೆ ಎದೆಹಾಲು ಕೊಟ್ಟ ತಾಯಿ ಅಂತ ಸಣ್ಣ ಮಕ್ಕಳಿಗೂ ಗೊತ್ತುಂಟು. ಆದರೆ ಅವರು ಎಂಥಾ ಕಷ್ಟದಲ್ಲಿ ಮಕ್ಕಾಕ್ಕೆ ಬಂದರು, ಆ ಹಾಲಿನ ಸಂಬಂಧ ಎಷ್ಟು ದೂರ ಹೋಯಿತು ಎಂಬುದನ್ನು ನಾವು ಮನೆಯಲ್ಲಿ ಹೇಳುವುದು ಕಡಿಮೆ. ಈ ವಾರ ಅದನ್ನೇ ಹೇಳುವ.

ಹಲೀಮಾ ಹವಾಝಿನ್ ಬುಡಕಟ್ಟಿನ ಬನೂ ಸಅದ್ ಶಾಖೆಯವರು. ತಂದೆ ಅಬೂ ದುಐಬ್, ಗಂಡ ಹಾರಿಸ್. ಆಡು ಕುರಿ ಸಾಕಿ ಬದುಕುವ ಮನೆ. ಕ್ರಿ.ಶ. 570ರ ಆಸುಪಾಸಿನಲ್ಲಿ ಅವರ ಸೀಮೆಗೆ ಬರ ಬಿತ್ತು. ಮನೆಯಲ್ಲಿ ಉಳಿದದ್ದು ಒಂದು ಸೊರಗಿದ ಹೆಣ್ಣು ಕತ್ತೆ, ಒಂದು ಮುದಿ ಒಂಟೆ. ಒಂಟೆಯ ಕೆಚ್ಚಲಲ್ಲಿ ಒಂದು ಹನಿ ಹಾಲಿಲ್ಲ. ಹಲೀಮಾರ ಮಡಿಲಲ್ಲಿ ಕೂಸು ಅಬ್ದುಲ್ಲಾ. ತಾಯಿಗೇ ಊಟವಿಲ್ಲ ಎಂದ ಮೇಲೆ ಎದೆಯಲ್ಲಿ ಹಾಲು ಎಲ್ಲಿಂದ ಬರಬೇಕು? ಕೂಸು ರಾತ್ರಿಯಿಡೀ ಅಳುತ್ತಿತ್ತು, ಮನೆಯವರಿಗೆ ನಿದ್ದೆಯಿಲ್ಲ.

ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ಕಡೆಯವರಿಗೆ ಈ ಕತೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದೇ ಜಿಲ್ಲೆಯ ಗಂಗಾವತಿಗೆ ತುಂಗಭದ್ರೆಯ ಕಾಲುವೆ ಉಂಟು, ಭತ್ತ ಬೆಳೆಯುತ್ತದೆ. ಕುಷ್ಟಗಿ, ಯಲಬುರ್ಗಾದ ಹೊಲಗಳು ಮಾತ್ರ ಹೆಚ್ಚಾಗಿ ಮಳೆಯನ್ನೇ ನಂಬಿಕೊಂಡಿವೆ. ಮಳೆ ಕೈಕೊಟ್ಟರೆ ಗುಳೆ. ಬೆಂಗಳೂರು, ಗೋವಾ, ನಮ್ಮ ಮಂಗಳೂರು. ನಮ್ಮ ಮನೆಗಳ ಕಲ್ಲು, ಸಿಮೆಂಟು ಹೊತ್ತವರಲ್ಲಿ ಆ ಸೀಮೆಯ ಹೆಂಗಸರು ಎಷ್ಟು ಮಂದಿ! ಅವರಲ್ಲಿ ಬಸುರಿಯರೂ ಇರುತ್ತಾರೆ. ದಣಿದ, ರಕ್ತ ಕಡಿಮೆಯಿರುವ ತಾಯಿಗೆ ಮಗು ತಿಂಗಳು ತುಂಬುವ ಮೊದಲೇ ಹುಟ್ಟಿಬಿಡುವ ಭಯ ಹೆಚ್ಚು.

ಹಲೀಮಾ ಕೂಡ ಹೀಗೇ ದುಡಿಮೆ ಹುಡುಕಿ ಪೇಟೆಗೆ ಬಂದವರು. ಕೂಸುಗಳನ್ನು ಬಯಲಿನ ಒಳ್ಳೆ ಗಾಳಿಯಲ್ಲಿ, ಶುದ್ಧ ಅರಬಿ ಮಾತಿನ ನಡುವೆ ಬೆಳೆಸಬೇಕೆಂದು ಖುರೈಶರು ಹಾಲುಣಿಸುವ ತಾಯಂದಿರ ಕೈಗೆ ಕೊಡುತ್ತಿದ್ದ ಕಾಲ ಅದು. ಬನೂ ಸಅದ್‌ನ ಹೆಂಗಸರು ಗುಂಪು ಕಟ್ಟಿಕೊಂಡು ಮಕ್ಕಾಕ್ಕೆ ಬಂದರು. ಪ್ರತಿಫಲಕ್ಕೆಂದೇ ಬಂದವರು, ಅದರಲ್ಲಿ ಮುಚ್ಚಿಡುವಂಥದ್ದೇನಿಲ್ಲ. ಆಮಿನಾರ ಮಗುವನ್ನು ಎಲ್ಲರಿಗೂ ತೋರಿಸಿದರು, ಎಲ್ಲರೂ ಬೇಡವೆಂದರು. ಯಾಕೆಂದರೆ ಮಗುವಿಗೆ ತಂದೆ ಇಲ್ಲ. ಯತೀಮನ ಮನೆಯಿಂದ ಏನು ಸಿಕ್ಕೀತು ಎಂಬ ಲೆಕ್ಕ. ಮೊದಲಿಗೆ ಹಲೀಮಾರೂ ಅದೇ ಲೆಕ್ಕ ಹಾಕಿದರು ಎಂದು ಸೀರಾ ಗ್ರಂಥಗಳು ಮರೆಮಾಚದೆ ಹೇಳುತ್ತವೆ. ಹೊರಡುವ ಹೊತ್ತಿಗೆ ಬೇರೆಯವರಿಗೆಲ್ಲ ಮಗು ಸಿಕ್ಕಿತ್ತು, ಇವರ ಕೈ ಮಾತ್ರ ಖಾಲಿ. ಬರಿಗೈಲಿ ಹೋಗುವುದು ಬೇಡವೆಂದು ಗಂಡನನ್ನು ಕೇಳಿ ಆ ಯತೀಮ ಕೂಸನ್ನೇ ಎತ್ತಿಕೊಂಡರು.

ಎದೆಗಿಟ್ಟುಕೊಂಡ ಕೂಡಲೇ ಹಾಲು ಬಂತು. ಆ ಕೂಸೂ ಕುಡಿಯಿತು, ಅಬ್ದುಲ್ಲಾನೂ ಹೊಟ್ಟೆತುಂಬ ಕುಡಿದು ಮಲಗಿದ. ಬತ್ತಿದ್ದ ಒಂಟೆ ಆ ರಾತ್ರಿ ಹಾಲು ಕೊಟ್ಟಿತು. ಬರುವಾಗ ಎಲ್ಲರಿಗಿಂತ ಹಿಂದೆ ಬಿದ್ದಿದ್ದ ಕತ್ತೆ ಹೋಗುವಾಗ ಎಲ್ಲರಿಗಿಂತ ಮುಂದೆ. ಎರಡು ವರ್ಷವಾದ ಮೇಲೆ ಹಾಲು ಬಿಡಿಸಿ ಮಗುವನ್ನು ಆಮಿನಾರಲ್ಲಿಗೆ ಕರೆತಂದರು. ಬಿಟ್ಟುಹೋಗಲು ಮನಸ್ಸು ಬಾರದೆ, ಬೇಡಿಕೊಂಡು ಮತ್ತೆ ಕರೆದುಕೊಂಡು ಹೋದರು.

ಹಲೀಮಾರಿಗೆ ಮೊದಲು ಕೆಲವು ದಿನ ಸುವೈಬಾ ಹಾಲುಣಿಸಿದ್ದರು. ಅದೇ ಸುವೈಬಾರ ಹಾಲು ಕುಡಿದ ಹಂಝಾ(ರ) ಪ್ರವಾದಿಯವರಿಗೆ ಚಿಕ್ಕಪ್ಪನೂ ಹೌದು, ಹಾಲಿನ ಅಣ್ಣನೂ ಹೌದು. ಹಾಗೇ ಹಲೀಮಾರ ಮಕ್ಕಳು ಅಬ್ದುಲ್ಲಾ, ಉನೈಸಾ, ಶೈಮಾ ಪ್ರವಾದಿಯವರ ಒಡಹುಟ್ಟಿದವರಂತೆಯೇ ಆದರು. ಹಾಲಿನ ಸಂಬಂಧದಲ್ಲಿ ಮದುವೆ ನಿಷಿದ್ಧ ಎಂಬುದು ನಮಗೆಲ್ಲ ಗೊತ್ತಿರುವ ವಿಷಯ.

ಇದನ್ನು ಈಗ ನೆನಪಿಸಿಕೊಳ್ಳಲು ಕಾರಣವಿದೆ. ಮಂಗಳೂರಿನ ಲೇಡಿಗೋಶನ್ ಆಸ್ಪತ್ರೆಯಲ್ಲಿ 2022ರಲ್ಲಿ ರೋಟರಿಯವರ ನೆರವಿನಿಂದ ಎದೆಹಾಲಿನ ಬ್ಯಾಂಕ್ ಶುರುವಾಯಿತು. ನಮ್ಮ ದೇಶದಲ್ಲಿ ಮೊದಲನೆಯದು 1989ರಲ್ಲಿ ಮುಂಬೈಯ ಸಯನ್ ಆಸ್ಪತ್ರೆಯಲ್ಲಿ ಆದದ್ದು. ತನ್ನ ಮಗುವಿಗೆ ಸಾಕಾಗಿ ಉಳಿಯುವ ಹಾಲನ್ನು ತಾಯಿ ಹಿಂಡಿ ಕೊಡುತ್ತಾಳೆ. ಎಚ್‌ಐವಿ, ಕಾಮಾಲೆ, ಸಿಫಿಲಿಸ್ ಇಲ್ಲವೆಂದು ಮೊದಲೇ ರಕ್ತಪರೀಕ್ಷೆ ಆಗಬೇಕು. ಹಾಲನ್ನು 62.5 ಡಿಗ್ರಿಯಲ್ಲಿ 30 ನಿಮಿಷ ಬಿಸಿ ಮಾಡಿ, ತಣಿಸಿ, ಫ್ರೀಝರ್‌ನಲ್ಲಿ ಇಡುತ್ತಾರೆ. 37 ವಾರ ತುಂಬದೆ ಹುಟ್ಟಿದ, ಚೀಪಲೂ ಶಕ್ತಿಯಿಲ್ಲದ ಕೂಸಿಗೆ ಅದು ನಳಿಗೆಯಲ್ಲಿ ಹೋಗುತ್ತದೆ, ಸಲಕ್ಕೆ ಕೆಲವೇ ಮಿಲಿಲೀಟರ್. ಹೆತ್ತ ತಾಯಿಯ ಹಾಲಿಗೇ ಮೊದಲ ಸ್ಥಾನ. ಅದು ಸಿಗದಿದ್ದಾಗ ಡಬ್ಬಿ ಹಾಲಿಗಿಂತ ಇನ್ನೊಬ್ಬ ತಾಯಿಯ ಹಾಲು ಮೇಲು. ಎಳೆಗರುಳು ಕೊಳೆಯುವ ಮಾರಕ ರೋಗ ಅದರಿಂದ ಕಡಿಮೆಯಾಗುತ್ತದೆ.

ನಮ್ಮ ಮನೆಗಳಲ್ಲಿ ಇದಕ್ಕೆ ಹಿಂಜರಿಕೆ ಉಂಟು. ಯಾರ ಹಾಲು ಯಾರಿಗೆ ಹೋಯಿತು, ನಾಳೆ ಅವರವರೇ ಮದುವೆಯಾದರೆ ಏನು ಗತಿ? ಇದನ್ನು ಹಳೇ ಕಾಲದವರ ಮಾತು ಅಂತ ತಳ್ಳಿಹಾಕುವ ಹಾಗಿಲ್ಲ. ಶಾಫಿಈ ಮದ್‌ಹಬ್‌ನಲ್ಲಿ ಎರಡು ವರ್ಷದೊಳಗೆ ಐದು ಸಲ ಕುಡಿದರೆ ಸಂಬಂಧ ಸ್ಥಿರವಾಗುತ್ತದೆ, ಹಿಂಡಿ ಕುಡಿಸಿದರೂ ಅಷ್ಟೇ. ವಿದ್ವಾಂಸರಲ್ಲೂ ಭಿನ್ನಾಭಿಪ್ರಾಯವಿದೆ. ಯೂಸುಫ್ ಅಲ್ ಖರ್ದಾವಿ 1983ರಲ್ಲಿ ಇದಕ್ಕೆ ಅನುಮತಿ ಕೊಟ್ಟರೆ, ಜಿದ್ದಾದ ಫಿಕ್ಹ್ ಅಕಾಡೆಮಿ 1985ರಲ್ಲಿ ಬೇಡವೆಂದಿತು. ನಮ್ಮ ಖಾಝಿಯವರಲ್ಲಿ, ಉಸ್ತಾದರಲ್ಲಿ ಕೇಳಿಯೇ ಮುಂದುವರಿಯಬೇಕು. ಆದರೆ ನಮಗೆ ಕಾಣುವ ಮಟ್ಟಿಗೆ ತೊಡಕಿನ ಬೇರು ಇರುವುದು ಹಲವರ ಹಾಲು ಬೆರೆತು ಹೆಸರು ಅಳಿಸಿಹೋಗುವುದರಲ್ಲಿ. ಒಬ್ಬ ತಾಯಿಯ ಹಾಲನ್ನು ಬೇರೆಯಾಗಿಟ್ಟು, ಕೊಟ್ಟವರ ಹೆಸರು ಕುಡಿದವರ ಮನೆಗೂ, ಕುಡಿದವರ ಹೆಸರು ಕೊಟ್ಟವರ ಮನೆಗೂ ಬರೆದುಕೊಡುವ ಏರ್ಪಾಡು ಸಾಧ್ಯವೇ ಎಂದು ಜಮಾಅತಿನವರು ವೈದ್ಯರ ಜೊತೆ ಕೂತು ಮಾತಾಡಬೇಡವೇ? ಕುಷ್ಟಗಿಯ ಹೆಂಗಸಿನ ಕೂಸು ಗಾಜಿನ ಪೆಟ್ಟಿಗೆಯಲ್ಲಿ ಮಲಗಿರುವಾಗ ಈ ಮಾತನ್ನು ಬಾಕಿ ಇಡುವುದು ಸರಿಯಲ್ಲ.

ಹಲೀಮಾ ಬೀವಿಯ ಹೆಸರಂತೂ ಅಳಿಯಲಿಲ್ಲ. ಆಮಿನಾ ತೀರಿಕೊಂಡಾಗ ಪ್ರವಾದಿಯವರಿಗೆ ಆರು ವರ್ಷ. ಖದೀಜಾ(ರ)ರೊಡನೆ ಮದುವೆಯಾದ ಮೇಲೆ ಒಮ್ಮೆ ಹಲೀಮಾ ಮಕ್ಕಾಕ್ಕೆ ಬಂದರು. ಮತ್ತೆ ಬರಗಾಲ, ಮತ್ತೆ ಅದೇ ಕಷ್ಟ. ಖದೀಜಾ ಅವರಿಗೆ 40 ಕುರಿಗಳನ್ನೂ ಒಂದು ಒಂಟೆಯನ್ನೂ ಕೊಟ್ಟು ಕಳಿಸಿದರು. ಗಂಡನ ಹಾಲಿನ ತಾಯಿಯನ್ನು ಸ್ವಂತ ಅತ್ತೆಯ ಹಾಗೆ ಕಂಡ ಸೊಸೆ.

ಹಿಜರಿ 8ರಲ್ಲಿ ಹುನೈನ್ ಯುದ್ಧ. ಎದುರಾಳಿಗಳು ಯಾರು? ಹಲೀಮಾರ ಬುಡಕಟ್ಟಾದ ಹವಾಝಿನರೇ. ಅವರು ಸೋತಾಗ ಹೆಂಗಸರು ಮಕ್ಕಳು ಸೇರಿ ಸುಮಾರು 6,000 ಮಂದಿ ಸೆರೆಯಾದರು. ಆ ಗುಂಪಿನಲ್ಲಿ ವಯಸ್ಸಾದ ಒಬ್ಬ ಹೆಂಗಸು ತಾನು ಪ್ರವಾದಿಯವರ ಅಕ್ಕ ಎಂದರು. ಯಾರೂ ನಂಬಲಿಲ್ಲ. ಪ್ರವಾದಿಯವರ ಮುಂದೆ ತಂದಾಗ, ಸಣ್ಣವರಿರುವಾಗ ಎತ್ತಿ ಆಡಿಸುತ್ತಿದ್ದಾಗ ಅವರು ಬೆನ್ನಿಗೆ ಕಚ್ಚಿದ್ದ ಗುರುತು ತೋರಿಸಿದರು. ಹಲೀಮಾರ ಮಗಳು ಶೈಮಾ. ಪ್ರವಾದಿಯವರು ತಮ್ಮ ಮೇಲುಹೊದಿಕೆಯನ್ನು ಹಾಸಿ ಅಕ್ಕನನ್ನು ಕೂರಿಸಿದರು, ಉಡುಗೊರೆ ಕೊಟ್ಟು ಊರಿಗೆ ಕಳಿಸಿದರು.

ಆಮೇಲೆ ಹವಾಝಿನರ ಹಿರಿಯರು ಬಂದು, ಸೆರೆಯಲ್ಲಿರುವವರು ಹಾಲಿನ ಸಂಬಂಧದಲ್ಲಿ ನಿಮ್ಮ ಚಿಕ್ಕಮ್ಮಂದಿರು, ಅತ್ತೆಯಂದಿರೇ ಆಗುತ್ತಾರೆಂದು ನೆನಪಿಸಿದರು. ಪ್ರವಾದಿಯವರು ತಮ್ಮ ಮನೆತನದ ಪಾಲಿಗೆ ಬಂದ ಸೆರೆಯಾಳುಗಳನ್ನು ಮೊದಲು ಬಿಟ್ಟರು. ಅದನ್ನು ನೋಡಿ ಮುಹಾಜಿರರೂ ಅನ್ಸಾರರೂ ಬಿಟ್ಟರು. ಒಪ್ಪದೆ ಕೂತ ಕೆಲವರಿಗೆ ಮುಂದೆ ಬದಲಿ ಕೊಡುವ ಮಾತಾಯಿತು. ಆ 6,000 ಮಂದಿ ಮನೆಗೆ ಹೋದರು.