ಸೋಲಿನ ಆಚೆಗೆ ಉಳಿದ ಕಿತ್ತೂರು

ಅಥಣಿ ತಾಲ್ಲೂಕಿನ ಸತ್ತಿ ನನ್ನೂರು. ಕಿತ್ತೂರು ಸಂಸ್ಥಾನದ ಎಲ್ಲೆ ನಮ್ಮ ಭಾಗವನ್ನು ಮುಟ್ಟಿರಲಿಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿಗಳ ರಾಜಕೀಯ ಚರಿತ್ರೆಯೇ ಬೇರೆ. ಹಾಗಿದ್ದರೂ ಲಾವಣಿ, ಡೊಳ್ಳಿನ ಪದಗಳ ಮೂಲಕ ನಮ್ಮ ಹಳ್ಳಿಗಳಿಗೆ ಮೊದಲು ಪರಿಚಯವಾದ ರಾಣಿ ಚೆನ್ನಮ್ಮನೇ. ಒಂದೇ ಒಂದು ಗೆಲುವು ಕಂಡು, ಆರು ವಾರಗಳೊಳಗೆ ಕೋಟೆ ಕಳೆದುಕೊಂಡು, ಸೆರೆಯಲ್ಲೇ ಕಣ್ಣುಮುಚ್ಚಿದ ಒಬ್ಬ ಹೆಣ್ಣುಮಗಳ ಹೆಸರು ಎರಡು ಶತಮಾನ ಹೇಗೆ ಬಾಳಿತು ಎಂಬ ಪ್ರಶ್ನೆಗೆ ಅಭಿಮಾನದ ಮಾತುಗಳಷ್ಟೇ ಉತ್ತರವಾಗಲಾರವು. ಬಂಡಾಯದ ಕಾರಣಗಳನ್ನೂ ಪರಿಣಾಮಗಳನ್ನೂ ಬಿಡಿಸಿ ನೋಡಬೇಕಾಗುತ್ತದೆ.

ಚೆನ್ನಮ್ಮ ಹುಟ್ಟಿದ್ದು 1778ರಲ್ಲಿ, ಬೆಳಗಾವಿ ಸಮೀಪದ ಕಾಕತಿಯಲ್ಲಿ. ನಾವು ಸಂಕೇಶ್ವರದ ಬಳಿ ಹೆದ್ದಾರಿ ಹಿಡಿದು ಬೆಳಗಾವಿಗೆ ಹೋಗುವಾಗ ದಾಟುವ ಊರು ಅದು. ತಂದೆ ಧೂಳಪ್ಪಗೌಡ ದೇಸಾಯಿ. ಕಿತ್ತೂರಿನ ಮಲ್ಲಸರ್ಜ ದೇಸಾಯಿಯ ಕೈಹಿಡಿದಾಗ ಅರಮನೆಯಲ್ಲಿ ಹಿರಿಯ ರಾಣಿ ರುದ್ರಮ್ಮನಿದ್ದಳು. ಮಲೆನಾಡು ಬಯಲುಸೀಮೆಗಳ ಸಂಧಿಯಲ್ಲಿದ್ದ ಆ ಪುಟ್ಟ ಸಂಸ್ಥಾನಕ್ಕೆ ಒಂದು ಕಡೆ ಮೈಸೂರು, ಇನ್ನೊಂದು ಕಡೆ ಮರಾಠರು. ಇಬ್ಬರ ನಡುವೆ ತಲೆ ಉಳಿಸಿಕೊಳ್ಳುವುದೇ ಅಲ್ಲಿಯ ರಾಜನೀತಿ. ಮಲ್ಲಸರ್ಜ ಟಿಪ್ಪುವಿನ ಸೆರೆಯನ್ನೂ ಕಂಡ, ಪೇಶ್ವೆ ಎರಡನೇ ಬಾಜೀರಾಯನ ಸೆರೆಯನ್ನೂ ಕಂಡ. ಪುಣೆಯ ಬಂಧನದಿಂದ ಜರ್ಜರಿತನಾಗಿ 1816ರಲ್ಲಿ ತೀರಿಕೊಂಡ. ಚೆನ್ನಮ್ಮನ ಮಗನೂ ಉಳಿಯಲಿಲ್ಲ. ರುದ್ರಮ್ಮನ ಮಗ ಶಿವಲಿಂಗರುದ್ರಸರ್ಜ ಗಾದಿಗೆ ಬಂದ.

ಇಲ್ಲಿಂದ ಮುಂದಿನ ಒಂದು ಸಂಗತಿಯನ್ನು ನಮ್ಮ ಭಾಷಣಗಳು ಸಾಮಾನ್ಯವಾಗಿ ಹಾರಿಸಿಬಿಡುತ್ತವೆ. 1818ರಲ್ಲಿ ಕಂಪನಿಯ ಥಾಮಸ್ ಮನ್ರೋ ಬೆಳಗಾವಿ ಕೋಟೆಗೆ ಮುತ್ತಿಗೆ ಹಾಕಿದಾಗ ಕಿತ್ತೂರು ಅವನ ನೆರವಿಗೆ ನಿಂತಿತ್ತು. ತಂದೆಯನ್ನು ಸೆರೆಯಲ್ಲಿಟ್ಟ ಪೇಶ್ವೆಯ ವಿರುದ್ಧ ಮಗ ಕಂಪನಿಯ ಪಕ್ಷ ವಹಿಸಿದ್ದರಲ್ಲಿ ಅಸಹಜವಾದುದೇನೂ ಇಲ್ಲ. ಆ ನೆರವಿಗೆ ಪ್ರತಿಯಾಗಿ ಸಂಸ್ಥಾನ ಉಳಿಯಿತು; ಆದರೆ ಕಪ್ಪ ಕೊಡುವ, ಕಂಪನಿಯ ಮರ್ಜಿಯಲ್ಲಿರುವ ಸಂಸ್ಥಾನವಾಗಿ ಉಳಿಯಿತು. ಆರೇ ವರ್ಷಗಳಲ್ಲಿ ಆ ಉಪಕಾರ ಕಂಪನಿಗೆ ಮರೆತುಹೋಯಿತು.

1824ರ ಸೆಪ್ಟೆಂಬರ್‌ನಲ್ಲಿ ಮಕ್ಕಳಿಲ್ಲದ ಶಿವಲಿಂಗರುದ್ರಸರ್ಜ ತೀರಿಕೊಂಡ. ಸಾಯುವ ಮುನ್ನ ಮಾಸ್ತಮರಡಿ ಗೌಡರ ಮನೆತನದ ಹುಡುಗನನ್ನು ದತ್ತಕ ತೆಗೆದುಕೊಂಡಿದ್ದನೆಂದು ಅರಮನೆ ತಿಳಿಸಿತು. ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ ಅದನ್ನು ನಂಬಲಿಲ್ಲ. ದೊರೆ ಸತ್ತ ಮೇಲೆ ಪತ್ರ ಸೃಷ್ಟಿಯಾಗಿದೆ ಎಂಬುದು ಅವನ ತಕರಾರು. ದತ್ತಕಕ್ಕೆ ಕಂಪನಿಯ ಪೂರ್ವಾನುಮತಿ ಬೇಕಿತ್ತು ಎಂಬುದು ಅದರ ಹಿಂದಿದ್ದ ವಾದ. ಖಜಾನೆಗೆ ಮೊಹರು ಬಿತ್ತು, ಕಾವಲು ಬಂತು. ಇಂಗ್ಲಿಷ್ ಕಾದಂಬರಿಕಾರ ವಿಲಿಯಂ ಥ್ಯಾಕರೆಗೆ ಈತ ಚಿಕ್ಕಪ್ಪನಾಗಬೇಕು.

ಪತ್ರದ ಸಾಚಾತನವನ್ನು ಕುರಿತ ವಾದದಲ್ಲಿ ನನಗೆ ಆಸಕ್ತಿ ಕಡಿಮೆ. ಮನೆಗೆ ವಾರಸುದಾರ ಯಾರೆಂಬುದನ್ನು ಮನೆಯವರು ತೀರ್ಮಾನಿಸಬೇಕೋ, ಸಮುದ್ರದಾಚೆಯ ವ್ಯಾಪಾರಿ ಸಂಸ್ಥೆಯೋ ಎಂಬುದು ಮೂಲ ಪ್ರಶ್ನೆ. ಚೆನ್ನಮ್ಮ ಮೊದಲು ಕತ್ತಿ ಹಿಡಿಯಲಿಲ್ಲ. ದತ್ತಕವನ್ನು ಮಾನ್ಯ ಮಾಡುವಂತೆ ಮೇಲಧಿಕಾರಿಗಳಿಗೆ ಬರೆದಳು, ಕಾದಳು. ಅಕ್ಟೋಬರ್ 23ರಂದು ಥ್ಯಾಕರೆ ಫಿರಂಗಿಗಳೊಡನೆ ಕೋಟೆಯ ಬಾಗಿಲಿಗೆ ಬಂದು ನಿಂತಾಗ ಬಾಗಿಲು ತೆರೆಯಿತು, ಒಳಗಿನಿಂದ ಸೈನ್ಯ ನುಗ್ಗಿತು. ಥ್ಯಾಕರೆ ಸತ್ತ. ಅಮಟೂರ ಬಾಳಪ್ಪನ ಗುಂಡು ಅವನನ್ನು ಕೆಡವಿತೆಂಬುದು ಜನಜನಿತ. ಅವನೊಡನೆ ಕಂಪನಿಯ ಇತರ ಅಧಿಕಾರಿಗಳೂ ಬಿದ್ದರು. ಸ್ಟೀವನ್ಸನ್ ಮತ್ತು ವಾಲ್ಟರ್ ಎಲಿಯಟ್ ಎಂಬ ಇಬ್ಬರು ತರುಣ ಅಧಿಕಾರಿಗಳು ಸೆರೆಸಿಕ್ಕರು.

ರಾಣಿ ಅವರನ್ನು ಕೊಲ್ಲಿಸಲಿಲ್ಲ. ಸಂಧಾನಕ್ಕೆ ದಾರಿ ತೆರೆದಿಡುವುದು ಆಕೆಯ ಇಂಗಿತವಾಗಿತ್ತು. ದಖ್ಖನ್ನಿನ ಕಮಿಷನರ್ ಚಾಪ್ಲಿನ್‌ನ ಮಾತನ್ನು ನೆಚ್ಚಿ ಡಿಸೆಂಬರ್ ಆರಂಭದಲ್ಲಿ ಸೆರೆಯಾಳುಗಳನ್ನು ಬಿಟ್ಟಳು. ಅಷ್ಟರಲ್ಲಿ ದೊಡ್ಡ ಸೈನ್ಯ ಕೋಟೆಯ ಸುತ್ತ ಬೀಡುಬಿಟ್ಟಿತ್ತು. ಕೆಲವೇ ದಿನಗಳಲ್ಲಿ ಗೋಡೆ ಒಡೆಯಿತು, ಕಿತ್ತೂರು ಬಿತ್ತು. ಮದ್ದಿಗೆ ಸಗಣಿ ಬೆರೆಸಿದ ದ್ರೋಹಿಗಳ ಕಥೆಯನ್ನು ಲಾವಣಿಗಳು ಇಂದಿಗೂ ಹೇಳುತ್ತವೆ. ದ್ರೋಹ ಇದ್ದಿರಬಹುದು, ಆದರೆ ಅದಿಲ್ಲದಿದ್ದರೂ ಆ ಬಲಾಬಲದಲ್ಲಿ ಕೋಟೆ ಬಹುಕಾಲ ನಿಲ್ಲುತ್ತಿರಲಿಲ್ಲ. ಬೈಲಹೊಂಗಲದ ಸೆರೆಯಲ್ಲಿ ನಾಲ್ಕು ವರ್ಷಕ್ಕೂ ಮೀರಿ ದಿನ ನೂಕಿದ ಚೆನ್ನಮ್ಮ 1829ರ ಫೆಬ್ರವರಿಯಲ್ಲಿ ಕೊನೆಯುಸಿರೆಳೆದಳು. ಸಮಾಧಿ ಅಲ್ಲಿಯೇ ಇದೆ.

ಈ ಚರಿತ್ರೆಯನ್ನು ಓದುವಾಗಲೆಲ್ಲ ನನಗೆ ಪ್ರಾಚೀನ ಗ್ರೀಕರ ಅಯೋನಿಯಾ ಬಂಡಾಯ ನೆನಪಾಗುತ್ತದೆ. ಇಂದಿನ ತುರ್ಕಿಯ ಪಶ್ಚಿಮ ಕರಾವಳಿಯ ಗ್ರೀಕ್ ನಗರಗಳು ಪರ್ಷಿಯಾಕ್ಕೆ ಅಧೀನವಾಗಿದ್ದವು. ಮಿಲೇಟಸ್ ನಗರದ ಒಡೆಯ ಹಿಸ್ಟಿಯೇಯಸ್ ಒಮ್ಮೆ ಡ್ಯಾನ್ಯೂಬ್ ನದಿಯ ಸೇತುವೆ ಕಾಯ್ದು ಚಕ್ರವರ್ತಿ ದಾರಿಯಸ್‌ನ ಸೈನ್ಯವನ್ನು ಉಳಿಸಿದ್ದ. ಮೊದಲು ಬಹುಮಾನ ಸಿಕ್ಕಿತು. ಅನಂತರ ಅದೇ ಚಕ್ರವರ್ತಿ ಗೌರವದ ನೆಪದಲ್ಲಿ ಅವನನ್ನು ಸೂಸಾದಲ್ಲಿ ಕಟ್ಟಿಹಾಕಿದ. ಸಾಮ್ರಾಜ್ಯಗಳು ಮಿತ್ರರನ್ನು ನಡೆಸಿಕೊಳ್ಳುವ ರೀತಿ ಎರಡು ಸಾವಿರ ವರ್ಷಗಳಲ್ಲಿ ಹೆಚ್ಚೇನೂ ಬದಲಾಗಿರಲಿಲ್ಲ. ಕ್ರಿಸ್ತಪೂರ್ವ 499ರಲ್ಲಿ ಬಂಡೆದ್ದ ಆ ನಗರಗಳಿಗೆ ಅಥೆನ್ಸ್ 20 ಹಡಗುಗಳನ್ನೂ ಎರೆಟ್ರಿಯಾ 5 ಹಡಗುಗಳನ್ನೂ ಕಳುಹಿಸಿದವು. ಪ್ರಾಂತಾಧಿಕಾರಿಯ ರಾಜಧಾನಿ ಸಾರ್ಡಿಸ್ ಉರಿಯಿತು. 494ರಲ್ಲಿ ಲೇಡೆಯ ನೌಕಾಯುದ್ಧದಲ್ಲಿ ಬಂಡಾಯ ಮುರಿಯಿತು, ಮಿಲೇಟಸ್ ನಾಶವಾಯಿತು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಗೆದ್ದ ಪರ್ಷಿಯನ್ನರೇ ಭೂಮಿ ಅಳೆದು ಕಂದಾಯವನ್ನು ಕ್ರಮಗೊಳಿಸಿದರು, ತಾವೇ ಪೋಷಿಸಿದ್ದ ಸರ್ವಾಧಿಕಾರಿಗಳನ್ನು ಕಿತ್ತು ಅಲ್ಲಿ ಪ್ರಜಾಸತ್ತೆಗೆ ಎಡೆಮಾಡಿದರು. ಬಂಡಾಯದ ಕಾರಣಗಳು ನ್ಯಾಯವಾಗಿದ್ದವೆಂದು ಗೆದ್ದವರೇ ಬಾಯಿಬಿಡದೆ ಒಪ್ಪಿದಂತಾಯಿತು. ಸಾರ್ಡಿಸ್‌ನ ಸೇಡು ಮ್ಯಾರಥಾನ್, ಸಲಾಮಿಸ್‌ಗಳವರೆಗೆ ಹಬ್ಬಿತು.

ಕಿತ್ತೂರಿನಲ್ಲಿ ಗೆದ್ದವರು ಅಷ್ಟನ್ನೂ ಕಲಿಯಲಿಲ್ಲ. ಸಂಸ್ಥಾನವನ್ನು ನುಂಗಿದರು. ಇನಾಮು, ಸನದಿ ಭೂಮಿಗಳ ಮೇಲೆ ಕೈಯಿಟ್ಟರು. ಚೆನ್ನಮ್ಮ ತೀರಿದ ವರ್ಷದ ಕೊನೆಯ ಹೊತ್ತಿಗೆ ಸಂಗೊಳ್ಳಿ ರಾಯಣ್ಣ ದತ್ತುಪುತ್ರನ ಹೆಸರಿನಲ್ಲಿ ಜನರನ್ನು ಕೂಡಿಸಿ ಕಾಡಿನಿಂದ ಹೋರಾಡಿದ. 1831ರ ಜನವರಿಯಲ್ಲಿ ನಂದಗಡದಲ್ಲಿ ಗಲ್ಲಿಗೇರಿದ. ರಾಣಿಯ ಬಂಡಾಯ ಅರಮನೆಯ ಹಕ್ಕಿನಿಂದ ಹುಟ್ಟಿದ್ದು ನಿಜ. ರಾಯಣ್ಣನ ಕಾಲಕ್ಕೆ ಅದು ಹೊಲ ಕಳೆದುಕೊಂಡವರ ಬಂಡಾಯವಾಗಿ ಬೆಳೆದಿತ್ತು. ದತ್ತಕ ನಿರಾಕರಣೆಯ ಅಸ್ತ್ರವೂ ನಿಲ್ಲಲಿಲ್ಲ. ವಾರಸುದಾರರಿಲ್ಲವೆಂದು 1839ರಲ್ಲಿ ನಮ್ಮ ಪಕ್ಕದ ನಿಪ್ಪಾಣಿ ಕಂಪನಿಯ ವಶವಾಯಿತು. 1848ರಲ್ಲಿ ಸಾತಾರಾ, 1854ರಲ್ಲಿ ಝಾನ್ಸಿ. ದತ್ತಕ ನಿರಾಕರಣೆಯಿಂದಲೇ ನೊಂದ ನರಗುಂದದ ಬಾಬಾಸಾಹೇಬ 1858ರಲ್ಲಿ ಬಂಡೆದ್ದು ಬೆಳಗಾವಿಯಲ್ಲಿ ಗಲ್ಲಿಗೇರಿದ. ಕಿತ್ತೂರಿನಲ್ಲಿ ಕಂಡ ಕಿಡಿಯನ್ನು ಕಂಪನಿ ಅರ್ಥಮಾಡಿಕೊಂಡಿದ್ದರೆ ಮುಂದಿನ ರಕ್ತಪಾತದ ಒಂದು ಪಾಲಾದರೂ ತಪ್ಪುತ್ತಿತ್ತು.

ಮತ್ತೊಂದು ಪರಿಣಾಮ ಯಾರೂ ನಿರೀಕ್ಷಿಸದೆ ಬಂದುದು. ಕಿತ್ತೂರಿನ ಸೆರೆಯಿಂದ ಜೀವಸಹಿತ ಹೊರಬಂದ ವಾಲ್ಟರ್ ಎಲಿಯಟ್ ಮುಂದೆ ಈ ನಾಡಿನ ಶಾಸನಗಳ ಬೆನ್ನುಹತ್ತಿದ. ಊರೂರಿನ ಕಲ್ಬರಹಗಳನ್ನು ನಕಲು ಮಾಡಿಸಿ ನೂರಾರು ಶಾಸನಗಳ ಸಂಗ್ರಹ ಸಿದ್ಧಪಡಿಸಿದ. ಚಾಲುಕ್ಯರ ಚರಿತ್ರೆಯ ಆಧುನಿಕ ಅಧ್ಯಯನಕ್ಕೆ ಅದು ಬುನಾದಿಯಾಯಿತು. ಒಬ್ಬ ಸೆರೆಯಾಳಿನ ಜೀವವನ್ನು ರಾಣಿ ಕಾಪಾಡಿದ್ದರಿಂದ ಕನ್ನಡನಾಡಿಗೆ ದಕ್ಕಿದ ಲಾಭವಿದು ಎಂದು ನಾನು ಭಾವಿಸುತ್ತೇನೆ.

ಮಿಲೇಟಸ್‌ನ ಪತನವನ್ನು ಫ್ರಿನಿಕಸ್ ಎಂಬ ನಾಟಕಕಾರ ರಂಗಕ್ಕೆ ತಂದಾಗ ಅಥೆನ್ಸಿನ ಪ್ರೇಕ್ಷಕರು ಬಿಕ್ಕಿ ಅತ್ತರಂತೆ. ನಗರವೇ ಅವನಿಗೆ ಸಾವಿರ ಡ್ರಾಕ್ಮಾ ದಂಡ ವಿಧಿಸಿ, ಆ ನಾಟಕವನ್ನು ಮತ್ತೆಂದೂ ಆಡಕೂಡದೆಂದಿತು. ನಮ್ಮ ಜನ ಹಾಗೆ ಮಾಡಲಿಲ್ಲ. ಕೋಟೆ ಬಿದ್ದುದನ್ನೂ ರಾಯಣ್ಣ ಸಿಕ್ಕಿಬಿದ್ದುದನ್ನೂ ಹಾಡಿ ಹಾಡಿ ಉಳಿಸಿಕೊಂಡರು. 2007ರಲ್ಲಿ ಸಂಸತ್ತಿನ ಆವರಣದಲ್ಲಿ ಚೆನ್ನಮ್ಮನ ಪ್ರತಿಮೆ ನಿಂತಿತು. 2021ರಲ್ಲಿ ಮುಂಬೈ ಕರ್ನಾಟಕವೆಂಬ ಹಳೆಯ ಹೆಸರು ಅಳಿದು ಕಿತ್ತೂರು ಕರ್ನಾಟಕ ಬಂತು. ಎಂದೂ ಕಿತ್ತೂರಿಗೆ ಸೇರಿರದ ಸತ್ತಿಯೂ ಈಗ ಆ ಹೆಸರಿನೊಳಗಿದೆ.

ಹೆಸರು ಬಂದ ಮೇಲೆ ಹೊಣೆಯೂ ಬರುತ್ತದೆ. ಪ್ರತಿ ಅಕ್ಟೋಬರ್‌ನ ಉತ್ಸವದಲ್ಲಿ ನಾವು ಅಕ್ಟೋಬರ್ 23ನ್ನು ಮಾತ್ರ ಸಂಭ್ರಮಿಸಿ, ಡಿಸೆಂಬರಿನ ಸೋಲನ್ನೂ ಬೈಲಹೊಂಗಲದ ಸೆರೆಯ ವರ್ಷಗಳನ್ನೂ ಬದಿಗೆ ಸರಿಸಿದರೆ ಚೆನ್ನಮ್ಮ ಕುದುರೆಯ ಮೇಲಿನ ಪ್ರತಿಮೆಯಾಗಿಯಷ್ಟೇ ಉಳಿಯುತ್ತಾಳೆ. ಕಂಪನಿಯ ಕಾಗದಗಳನ್ನೂ ನಮ್ಮ ಲಾವಣಿಗಳನ್ನೂ ಜೊತೆಗಿಟ್ಟು ಓದಿಸುವ ಕೆಲಸ ನಮ್ಮ ಶಾಲೆ ಕಾಲೇಜುಗಳಲ್ಲಿ ಆಗಬೇಕು. ಅರ್ಜಿ ಬರೆದು ಕಾದ, ನ್ಯಾಯ ಸಿಗದಾಗ ಎದ್ದುನಿಂತ, ಗೆದ್ದಾಗ ಸೆರೆಯಾಳನ್ನು ಕಾಪಾಡಿದ ಮನುಷ್ಯಳನ್ನು ಮಕ್ಕಳು ಅರಿಯುವುದು ಆಗಲೇ.