ಎಡ್ ರಾತ್

ಎಡ್ ರಾತ್ (೪ ಮಾರ್ಚ್ ೧೯೩೨ – ೪ ಏಪ್ರಿಲ್ ೨೦೦೧) ಅಮೆರಿಕದ ಕಾರು ವಿನ್ಯಾಸಕ, ವ್ಯಂಗ್ಯಚಿತ್ರಕಾರ ಹಾಗೂ ಹಾಟ್ ರಾಡ್ ನಿರ್ಮಾಪಕರು. ಹಳೆಯ ಕಾರುಗಳನ್ನು ಬಿಚ್ಚಿ, ಅವುಗಳ ಚೌಕಟ್ಟು ಮತ್ತು ಎಂಜಿನ್‌ಗಳನ್ನು ಮಾರ್ಪಡಿಸಿ ಹೊಸ ರೂಪ ನೀಡಿದ ವಾಹನಗಳಿಗೆ ಹಾಟ್ ರಾಡ್ ಎಂದು ಹೆಸರು. ರಾತ್ ಅವರು ನಿರ್ಮಿಸಿದ ಕಾರುಗಳು ಪ್ಲಾಸ್ಟಿಕ್ ಮಾದರಿಗಳಾಗಿ ಮನೆಮನೆಗಳನ್ನು ತಲುಪಿದವು. 'ಬಿಗ್ ಡ್ಯಾಡಿ' ಎಂಬುದು ಅವರ ಪ್ರಸಿದ್ಧ ಅಡ್ಡಹೆಸರು.

ಆರಂಭಿಕ ಜೀವನ

ರಾತ್ ಅವರು ಕ್ಯಾಲಿಫೋರ್ನಿಯಾದ ಬೆವರ್ಲಿ ಹಿಲ್ಸ್‌ನಲ್ಲಿ ಜರ್ಮನಿಯಿಂದ ವಲಸೆ ಬಂದ ಕುಟುಂಬದಲ್ಲಿ ಜನಿಸಿದರು. ಬಾಲ್ಯವನ್ನು ಲಾಸ್ ಏಂಜಲೀಸ್ ಸಮೀಪದ ಬೆಲ್ ಪಟ್ಟಣದಲ್ಲಿ ಕಳೆದರು. ೧೪ನೆಯ ವಯಸ್ಸಿನಲ್ಲಿಯೇ ೧೯೩೩ರ ಮಾದರಿಯ ಹಳೆಯ ಫೋರ್ಡ್ ಕಾರೊಂದನ್ನು ಪಡೆದರು. ೧೯೪೯ರಲ್ಲಿ ಪ್ರೌಢಶಾಲಾ ಶಿಕ್ಷಣ ಮುಗಿಸಿ, ಕೆಲಕಾಲ ಕಾಲೇಜಿನಲ್ಲಿ ಎಂಜಿನಿಯರಿಂಗ್ ವಿಷಯಗಳನ್ನು ಅಭ್ಯಸಿಸಿದರು. ೧೯೫೧ರಿಂದ ೧೯೫೫ರವರೆಗೆ ಅಮೆರಿಕದ ವಾಯುಪಡೆಯಲ್ಲಿ ಸೇವೆ ಸಲ್ಲಿಸಿದರು. ಅಲ್ಲಿಂದ ಮರಳಿದ ಮೇಲೆ ಸಿಯರ್ಸ್ ಮಳಿಗೆಯ ಪ್ರದರ್ಶನ ವಿಭಾಗದಲ್ಲಿ ದುಡಿಯುತ್ತ, ಬಿಡುವಿನ ವೇಳೆಯಲ್ಲಿ ಕಾರುಗಳ ಮೇಲೆ ಕುಂಚದಿಂದ ತೆಳುವಾದ ಅಲಂಕಾರ ರೇಖೆಗಳನ್ನು ಎಳೆಯುವ ಕೆಲಸ ಆರಂಭಿಸಿದರು. ಕುಟುಂಬದ ಪೋಷಣೆಗಾಗಿ ಕಾರು ಪ್ರದರ್ಶನಗಳಲ್ಲಿ ಅಂಗಿಗಳ ಮೇಲೆ ವಿಕಾರ ಮುಖದ ರಾಕ್ಷಸರ ಚಿತ್ರಗಳನ್ನು ಬಿಡಿಸಿ ಮಾರಿದರು. ಈ ಚಿತ್ರಗಳ ಪೈಕಿ ಉಬ್ಬಿದ ಕಣ್ಣು, ಚೂಪು ಹಲ್ಲುಗಳ ಹಸಿರು ಇಲಿ 'ರ‍್ಯಾಟ್ ಫಿಂಕ್' ಅತ್ಯಂತ ಜನಪ್ರಿಯವಾಯಿತು.

ಕಾರುಗಳ ನಿರ್ಮಾಣ

ಅಂದಿನ ಹಾಟ್ ರಾಡ್ ನಿರ್ಮಾಪಕರು ಸಾಮಾನ್ಯವಾಗಿ ಕಾರ್ಖಾನೆಯಲ್ಲಿ ತಯಾರಾದ ಉಕ್ಕಿನ ಹೊರಕವಚವನ್ನು ಕತ್ತರಿಸಿ ಜೋಡಿಸುತ್ತಿದ್ದರು. ರಾತ್ ಅವರು ಈ ಪದ್ಧತಿಯನ್ನು ಬಿಟ್ಟು, ಪ್ಲಾಸ್ಟರಿನಿಂದ ಆಕಾರವನ್ನು ರೂಪಿಸಿ ಅದರ ಮೇಲೆ ಫೈಬರ್‌ಗ್ಲಾಸ್ ಹೊದಿಸಿ ಹೊರಕವಚವನ್ನು ಪಡೆದರು. ಈ ವಿಧಾನದಿಂದ ಶಿಲ್ಪಿಗೆ ಇರುವಷ್ಟು ಸ್ವಾತಂತ್ರ್ಯ ಕಾರು ನಿರ್ಮಾಪಕನಿಗೂ ದೊರೆಯಿತು. ೧೯೫೯ರ 'ಔಟ್‌ಲಾ' ಹೀಗೆ ಸಿದ್ಧವಾದ ಅವರ ಮೊದಲ ಪ್ರಸಿದ್ಧ ಕಾರು.

೧೯೬೧ರ 'ಬೀಟ್‌ನಿಕ್ ಬ್ಯಾಂಡಿಟ್' ಕಾರಿಗಾಗಿ ಓಲ್ಡ್ಸ್‌ಮೊಬೈಲ್ ಕಾರೊಂದರ ಚೌಕಟ್ಟನ್ನು ಸುಮಾರು ೫ ಅಡಿಗಳಷ್ಟು ಮೊಟಕುಗೊಳಿಸಲಾಯಿತು. ಪಾರದರ್ಶಕ ಗುಳ್ಳೆಯಂತಹ ಮೇಲ್ಛಾವಣಿಯಿದ್ದ ಈ ಕಾರನ್ನು ಸ್ಟಿಯರಿಂಗ್ ಚಕ್ರದ ಬದಲಿಗೆ ಒಂದೇ ಹಿಡಿಕೋಲಿನಿಂದ ನಿಯಂತ್ರಿಸುವಂತೆ ರೂಪಿಸಲಾಗಿತ್ತು. ೧೯೬೩ರ 'ಮಿಸ್ಟೀರಿಯನ್' ಕಾರಿನಲ್ಲಿ ಎರಡು ಫೋರ್ಡ್ ವಿ-೮ ಎಂಜಿನ್‌ಗಳನ್ನು ಅಕ್ಕಪಕ್ಕದಲ್ಲಿ ಇರಿಸಲಾಗಿತ್ತು. ಪ್ರದರ್ಶನದಿಂದ ಪ್ರದರ್ಶನಕ್ಕೆ ಸಾಗಿಸುವಾಗ ಎಂಜಿನ್‌ಗಳ ಭಾರವನ್ನು ತಾಳಲಾರದೆ ಅದರ ಚೌಕಟ್ಟು ಬಿರುಕು ಬಿಟ್ಟಿತು. ಕೊನೆಗೆ ಕಾರು ಭಾಗಭಾಗವಾಗಿ ಚದುರಿಹೋಯಿತು. ಮೂಲ ಮಿಸ್ಟೀರಿಯನ್ ಇಂದು ಉಳಿದಿಲ್ಲ. ೧೯೬೪ರಲ್ಲಿ 'ಆರ್ಬಿಟ್ರಾನ್' ಮತ್ತು 'ರೋಡ್ ಏಜೆಂಟ್' ಕಾರುಗಳು ಹೊರಬಂದವು.

ಮಾದರಿ ಕಿಟ್‌ಗಳು

ಕ್ಯಾಲಿಫೋರ್ನಿಯಾದ ರೆವೆಲ್ ಕಂಪನಿಯು ೧೯೬೨ರಿಂದ ರಾತ್ ಅವರ ಕಾರುಗಳನ್ನು ೧:೨೫ ಪ್ರಮಾಣದ ಪ್ಲಾಸ್ಟಿಕ್ ಕಿಟ್‌ಗಳಾಗಿ ಮಾರುಕಟ್ಟೆಗೆ ತಂದಿತು. ರ‍್ಯಾಟ್ ಫಿಂಕ್ ಮತ್ತಿತರ ರಾಕ್ಷಸರ ಮಾದರಿಗಳೂ ಬಂದವು. ಪ್ರತಿ ಕಿಟ್‌ಗೆ ರಾತ್ ಅವರಿಗೆ ೧ ಸೆಂಟ್ ಗೌರವಧನ ಸಲ್ಲುತ್ತಿತ್ತು. ೧೯೬೩ರ ಒಂದೇ ವರ್ಷದಲ್ಲಿ ಈ ಮೊತ್ತ ೩೨,೦೦೦ ಡಾಲರ್‌ಗಳಷ್ಟಾಯಿತು. ಅಂದರೆ ಸುಮಾರು ೩೨ ಲಕ್ಷ ಕಿಟ್‌ಗಳು ಮಾರಾಟವಾದವು.

ಈ ಕಿಟ್‌ಗಳು ಹುಡುಗರಿಗೆ ಹಾಟ್ ರಾಡ್‌ನ ರಚನೆಯನ್ನು ತಿಳಿಸಿಕೊಟ್ಟವು. ಹಾಟ್ ರಾಡ್‌ನ ಚೌಕಟ್ಟಿನಲ್ಲಿ ಎರಡು ಉದ್ದನೆಯ ತೊಲೆಗಳೂ ಅವನ್ನು ಜೋಡಿಸುವ ಅಡ್ಡಪಟ್ಟಿಗಳೂ ಇರುತ್ತವೆ. ಕಾರು ನೆಲಕ್ಕೆ ಹತ್ತಿರವಾಗಿ ನಿಲ್ಲಬೇಕಾದರೆ ಹಿಂದಿನ ಅಚ್ಚಿನ ಮುಂಭಾಗದಲ್ಲಿ ತೊಲೆಗಳನ್ನು ಕತ್ತರಿಸಿ, ಹಿಂದಿನ ತುಂಡನ್ನು ಮೆಟ್ಟಿಲಿನಂತೆ ಮೇಲೆತ್ತಿ ಕೂಡಿಸುತ್ತಾರೆ. ಮಾದರಿಯಲ್ಲಿಯೂ ಇದೇ ಕ್ರಮ ಅನ್ವಯಿಸುತ್ತದೆ. ೧:೨೫ ಪ್ರಮಾಣದಲ್ಲಿ ನಿಜವಾದ ಕಾರಿನ ೧ ಅಂಗುಲವು ಮಾದರಿಯಲ್ಲಿ ಸುಮಾರು ೧ ಮಿಲಿಮೀಟರ್ ಆಗುವುದರಿಂದ ಅಳತೆಯ ಲೆಕ್ಕ ಸುಲಭ. ಬೀಟ್‌ನಿಕ್ ಬ್ಯಾಂಡಿಟ್‌ನ ೫ ಅಡಿಯ ಕಡಿತ ಮಾದರಿಯಲ್ಲಿ ಸುಮಾರು ೬೧ ಮಿಲಿಮೀಟರ್. ತೊಲೆಗಳನ್ನು ಸಣ್ಣ ಹಲ್ಲಿನ ಗರಗಸದಿಂದ ಕೊಯ್ದು, ಸಮತಟ್ಟಾದ ಗಾಜಿನ ಮೇಲಿಟ್ಟು, ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುವ ದ್ರವ ಅಂಟಿನಿಂದ ಜೋಡಿಸಿ, ಒಳಬದಿಗೆ ತೆಳು ಪಟ್ಟಿಯ ಆಸರೆ ನೀಡಲಾಗುತ್ತದೆ. ಎರಡು ತೊಲೆಗಳ ಎತ್ತರ ಸಮನಾಗಿರದಿದ್ದರೆ ನಾಲ್ಕು ಚಕ್ರಗಳೂ ಒಟ್ಟಿಗೆ ನೆಲ ಮುಟ್ಟುವುದಿಲ್ಲ. ಎಂಜಿನ್‌ಗಳಿಗೆ ಭಾರವೇ ಇಲ್ಲದ ಕಾರಣ, ಉಕ್ಕಿನಲ್ಲಿ ಬಿರುಕು ಬಿಟ್ಟ ಮಿಸ್ಟೀರಿಯನ್ ಚೌಕಟ್ಟು ಪ್ಲಾಸ್ಟಿಕ್ಕಿನಲ್ಲಿ ಗಟ್ಟಿಯಾಗಿಯೇ ನಿಂತಿತು.

೧೯೬೦ರ ದಶಕದ ಉತ್ತರಾರ್ಧದಲ್ಲಿ ರಾತ್ ಅವರು ಮೋಟರ್‌ಸೈಕಲ್‌ಗಳತ್ತ ಹೊರಳಿದರು. ಕುಖ್ಯಾತ ಮೋಟರ್‌ಸೈಕಲ್ ತಂಡಗಳೊಡನೆ ಅವರಿಗಿದ್ದ ಒಡನಾಟದಿಂದಾಗಿ ರೆವೆಲ್ ಕಂಪನಿಯೊಡನೆ ಸಂಬಂಧ ಕಡಿದುಹೋಯಿತು. ೧೯೭೦ರಲ್ಲಿ ಅವರ ಸ್ಟುಡಿಯೊ ಕೂಡ ಮುಚ್ಚಿತು.

ನಂತರದ ಜೀವನ

ಲಕ್ಷಾಂತರ ಮಕ್ಕಳಿಗೆ ಪರಿಚಿತರಾಗಿದ್ದ ರಾತ್ ಅವರು ಮುಂದೆ ನಾಟ್ಸ್ ಬೆರ‍್ರಿ ಫಾರ್ಮ್ ಎಂಬ ಮನರಂಜನಾ ಉದ್ಯಾನದಲ್ಲಿ ಫಲಕಗಳನ್ನು ಬರೆಯುವ ಕಲಾವಿದರಾಗಿ ದುಡಿದರು. ೧೯೭೪ರಲ್ಲಿ ಮಾರ್ಮನ್ ಪಂಥವನ್ನು ಸ್ವೀಕರಿಸಿದರು. ಬಳಿಕ ಯೂಟಾ ರಾಜ್ಯದ ಮ್ಯಾಂಟೈ ಪಟ್ಟಣದಲ್ಲಿ ನೆಲೆಸಿ, ಕಾರುಗಳ ನಿರ್ಮಾಣ ಮತ್ತು ಚಿತ್ರಕಲೆಯನ್ನು ಮುಂದುವರಿಸಿದರು. ೨೦೦೧ರ ಏಪ್ರಿಲ್ ೪ರಂದು ಅಲ್ಲಿಯೇ ನಿಧನರಾದರು.

ಪರಂಪರೆ

೧೯೬೮ರಲ್ಲಿ ಹಾಟ್ ವೀಲ್ಸ್ ಆಟಿಕೆ ಕಾರುಗಳು ಮೊದಲ ಬಾರಿಗೆ ಮಾರುಕಟ್ಟೆಗೆ ಬಂದಾಗ, ಆರಂಭದ ೧೬ ಕಾರುಗಳಲ್ಲಿ ಬೀಟ್‌ನಿಕ್ ಬ್ಯಾಂಡಿಟ್ ಕೂಡ ಒಂದಾಗಿತ್ತು. ಅದರ ಮೂಲ ಕಾರು ನೆವಾಡಾದ ರೀನೋ ನಗರದ ರಾಷ್ಟ್ರೀಯ ವಾಹನ ವಸ್ತುಸಂಗ್ರಹಾಲಯದಲ್ಲಿದೆ. ಬಹುಕಾಲ ಕಣ್ಮರೆಯಾಗಿದ್ದ ಆರ್ಬಿಟ್ರಾನ್ ೨೦೦೭ರಲ್ಲಿ ಮೆಕ್ಸಿಕೊದಲ್ಲಿ ಪತ್ತೆಯಾಗಿ ಪುನರುಜ್ಜೀವನಗೊಂಡಿತು. ಮಿಸ್ಟೀರಿಯನ್ ಕಾರಿನ ಪೂರ್ಣಗಾತ್ರದ ಪ್ರತಿಕೃತಿಗಳನ್ನು ನಿರ್ಮಿಸಲು ಹೊರಟ ಅಭಿಮಾನಿಗಳಿಗೆ ಹಳೆಯ ಛಾಯಾಚಿತ್ರಗಳ ಜೊತೆಗೆ ರೆವೆಲ್ ಕಿಟ್ ಮುಖ್ಯ ಆಧಾರವಾಯಿತು. ಕಾರನ್ನು ನೋಡಿ ರೂಪಿಸಿದ ಮಾದರಿಯೇ ಮುಂದೆ ಕಾರನ್ನು ಮರಳಿ ಕಟ್ಟಲು ಅಳತೆಗೋಲಾಯಿತು.