ಲಿಂಗೈಕ್ಯ ಫ. ಗು. ಹಳಕಟ್ಟಿಯವರು

ಪೂರ್ವಿಕರಾದ ಶರಣರನ್ನು ನೆನೆಯುವದು ಭಕ್ತರ ನಿತ್ಯಧರ್ಮವು. ಆದರೆ ಆ ಶರಣರ ನುಡಿಯೇ ಮರೆಯಾಗಿ ಹೋದರೆ ಬರಿಯ ನಾಮಸ್ಮರಣೆಯು ಎಷ್ಟು ಕಾಲ ನಿಂತೀತು? ಈ ಒಂದೇ ಚಿಂತೆಯಲ್ಲಿ ತಮ್ಮ ಆಯುಷ್ಯವನ್ನು ಸವೆಯಿಸಿದ ಮಹನೀಯರು ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು.

ಅವರು 1880ನೆಯ ಇಸವಿ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರೂ ಗ್ರಂಥಕರ್ತರೂ ಆಗಿದ್ದರು. ಮುಂಬಯಿಯಲ್ಲಿ ವ್ಯಾಸಂಗಗೈದು 1904ರಲ್ಲಿ ಕಾಯದೆಯ ಪದವಿಯನ್ನು ಪಡೆದ ಹಳಕಟ್ಟಿಯವರು ಮುಂದೆ ವಿಜಾಪುರದಲ್ಲಿ ವಕೀಲರಾಗಿ ನೆಲಸಿದರು. ಧನವೂ ಮಾನವೂ ತಾವಾಗಿ ಒದಗತಕ್ಕ ವೃತ್ತಿಯದು. ಆದರೆ ಅವರ ಮನಸ್ಸು ಬೇರೊಂದು ಋಣವನ್ನು ಕಂಡಿತ್ತು.

ಆ ಕಾಲದಲ್ಲಿ ವಚನಗಳ ತಾಡವೋಲೆಗಳು ಮಠಗಳಲ್ಲಿಯೂ ಭಕ್ತರ ಮನೆಗಳ ಜಗುಲಿಗಳಲ್ಲಿಯೂ ಅರಿವೆಯಲ್ಲಿ ಸುತ್ತಲ್ಪಟ್ಟು ವಿಭೂತಿ ಪತ್ರೆಗಳಿಂದ ಪೂಜೆಗೊಳ್ಳುತ್ತಿದ್ದವು. ಪೂಜೆಯುಂಟು, ಪಠನವಿಲ್ಲ, ಭಕ್ತಿಯುಂಟು, ಕಟ್ಟನ್ನು ಬಿಚ್ಚುವವರಿಲ್ಲ. ಒಳಗೆ ಗೆದ್ದಲು ತನ್ನ ಕೆಲಸವನ್ನು ನಡೆಯಿಸಿಯೇ ಇತ್ತು. ಹಳಕಟ್ಟಿಯವರು ಊರೂರು ತಿರುಗಿ ಮನೆಮನೆಯಲ್ಲಿ ಬೇಡಿ ಆ ಓಲೆಗಳನ್ನು ಸಂಗ್ರಹಿಸಿದರು. ಪದಕ್ಕೂ ಪದಕ್ಕೂ ಎಡೆಯಿಲ್ಲದ ಹಳೆಯ ಬರಹವನ್ನು ಓದಿ, ಪ್ರತಿಗೆ ಪ್ರತಿಯನ್ನು ಹೋಲಿಸಿ, ವಿಷಯಾನುಸಾರವಾಗಿ ಜೋಡಿಸಿದರು.

ಮುದ್ರಣವು ಇನ್ನೂ ಕಠಿನವಾಯಿತು. ಮಂಗಳೂರಿನ ಮುದ್ರಣಾಲಯವೊಂದು ಹಸ್ತಪ್ರತಿಯನ್ನು ಅಚ್ಚುಮಾಡದೆ ಹಿಂದಿರುಗಿಸಿತು. ಕಡೆಗೆ 1923ರಲ್ಲಿ ಬೆಳಗಾವಿಯಲ್ಲಿ ವಚನಶಾಸ್ತ್ರಸಾರದ ಪ್ರಥಮ ಭಾಗವು ಬೆಳಕು ಕಂಡಿತು. ಅನ್ಯರನ್ನು ನಂಬಿ ಕೂಡ್ರುವದು ಸಾಲದೆಂದು ಬಗೆದು, ವಾಸದ ಮನೆಯನ್ನೇ ಮಾರಿ, 1925ರಲ್ಲಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಶರಣರ ನುಡಿಗೆ ಮನೆಯಾಯಿತು. ಹಳಕಟ್ಟಿಯವರಿಗೆ ಸ್ವಂತ ಮನೆಯಿಲ್ಲವಾಯಿತು. 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿ, ಬಡತನವನ್ನು ಲೆಕ್ಕಿಸದೆ ಬಹುಕಾಲ ನಡೆಯಿಸಿದರು. ಹರಿಹರನ ರಗಳೆಗಳೂ ಅವರ ಶ್ರಮದಿಂದ ಓದುಗರ ಕೈಸೇರಿದವು. ಹಿಂದೆ ಸುಮಾರು 50 ವಚನಕಾರರ ಹೆಸರು ಮಾತ್ರ ತಿಳಿದಿದ್ದಲ್ಲಿ, ಅವರ ಶೋಧದಿಂದ ಆ ಸಂಖ್ಯೆಯು 200ನ್ನೂ ಮೀರಿತು. ಕಾಯಕಜೀವಿಗಳೂ ಶಿವಶರಣೆಯರೂ ಮರಳಿ ಮಾತನಾಡತೊಡಗಿದರು.

ನಾಡು ಅವರನ್ನು ಮನ್ನಿಸದೆ ಇರಲಿಲ್ಲ. 1926ರಲ್ಲಿ ಬಳ್ಳಾರಿಯ ಸಾಹಿತ್ಯ ಸಮ್ಮೇಲನದ ಅಧ್ಯಕ್ಷಸ್ಥಾನವೂ 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್ ಪದವಿಯೂ ಅವರಿಗೆ ಸಂದವು. ವಿಜಾಪುರದ ವಿದ್ಯಾಸಂಸ್ಥೆ, ಸಹಕಾರಿ ಬ್ಯಾಂಕುಗಳ ಹುಟ್ಟಿನಲ್ಲಿಯೂ ಅವರ ಕೈಯಿತ್ತು. ಆದರೂ ಅವರ ಬಾಳಿನ ಸರಳತೆಯು ಕಡೆಯವರೆಗೂ ಬದಲಾಗಲಿಲ್ಲ. 1964ನೆಯ ಇಸವಿ ಜೂನ್ 29ರಂದು ಅವರು ಲಿಂಗೈಕ್ಯರಾದರು.

ಇಂದು ಭಕ್ತರು ಪ್ರಾತಃಕಾಲದಲ್ಲಿ ವಚನವೊಂದನ್ನು ಹೇಳಿಕೊಳ್ಳುವಾಗ ಅದು ಯಾವ ಕೈಗಳನ್ನು ದಾಟಿ ತಮ್ಮೆಡೆಗೆ ಬಂದಿತೆಂಬುದನ್ನು ಒಮ್ಮೆ ನೆನೆಯುವದು ಉಚಿತವು. ಹಿರಿಯರಿಗೆ ಹೂವನ್ನೇರಿಸುವದು ಸುಲಭ. ಅವರು ಬಿಟ್ಟುಹೋದ ಕಟ್ಟನ್ನು ಬಿಚ್ಚಿ ಓದಿ ಮುಂದಿನವರ ಕೈಗೆ ಒಪ್ಪಿಸುವದು ಕಷ್ಟ. ಆ ಕಷ್ಟವನ್ನೇ ಪೂಜೆಯನ್ನಾಗಿ ಮಾಡಿಕೊಂಡ ಹಳಕಟ್ಟಿಯವರ ದಾರಿಯು ಶ್ರೀಮಠದ ಶಿಷ್ಯವರ್ಗಕ್ಕೆ ಮಾರ್ಗದರ್ಶಕವಾಗಲಿ.